ಅರದ ಮೇಲಿನ ಆ ಮುಜುಗರದ ಪದ: ಬಾಸ್ಟರ್ಡ್ ಅರವನ್ನು ಗುರುತಿಸುವುದು, ಕೊಳ್ಳುವುದು, ಬಳಸುವುದು

ಮಳೆಗಾಲ ಹಿಡಿಯುವ ಮೊದಲು ತೋಟದ ಕತ್ತಿಗಳನ್ನೆಲ್ಲ ಹರಿತ ಮಾಡಿಡೋಣವೆಂದು ಉಡುಪಿಯ ಹತ್ತಿರದ ಅಕ್ಕನ ಮನೆಗೆ ಹೋಗಿದ್ದೆ. ಅಲ್ಲಿದ್ದ ಅರ ಸವೆದು ಕನ್ನಡಿಯಾಗಿತ್ತು. ಭಾವ ಮಂಗಳೂರಿಗೆ ಹೊರಟಿದ್ದರು. ಬಂದರಿನ ಹಾರ್ಡ್‌ವೇರ್ ಅಂಗಡಿಯಿಂದ ತರಬೇಕಾದ ಸಾಮಾನಿನ ಚೀಟಿ ಬರೆದುಕೊಟ್ಟೆ. ಅದರ ಮೊದಲ ಸಾಲು: '10 ಇಂಚು ಹಾಫ್‌ರೌಂಡ್ ಬಾಸ್ಟರ್ಡ್, 1'. ಭಾವ ನಿವೃತ್ತ ಮೇಷ್ಟ್ರು. ಹಾದರಕ್ಕೆ ಹುಟ್ಟಿದವನು ಎಂಬರ್ಥದ ಆ ಇಂಗ್ಲಿಷ್ ಬೈಗುಳವನ್ನು ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದರು.

"ಇದನ್ನು ನಾನು ಅಂಗಡಿಯಲ್ಲಿ ಬಾಯಿಬಿಟ್ಟು ಕೇಳಬೇಕಾ ಮಾರಾಯ?"

"ಕೇಳಬೇಡಿ ಭಾವ, ಚೀಟಿ ತೋರಿಸಿ ಸಾಕು" ಎಂದೆ. ಅವರು ಹಾಗೆಯೇ ಮಾಡಿದರಂತೆ. ಆದರೆ ಅಂಗಡಿಯ ಹುಡುಗ ಚೀಟಿ ನೋಡಿದವನೇ ಒಳಗೆ ತಿರುಗಿ, ಇಡೀ ಬೀದಿಗೆ ಕೇಳುವಂತೆ, "ಒಂದು ಬಾಸ್ಟರ್ಡ್ ಕೊಡಿ, ಹತ್ತಿಂಚು!" ಎಂದು ಕೂಗಿದನಂತೆ. ಸಂಜೆ ಭಾವ ಅರವನ್ನು ಮೇಜಿನ ಮೇಲಿಟ್ಟು ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ: "ಇಷ್ಟು ಮರ್ಯಾದೆಯ ಸಾಮಾನಿಗೆ ಈ ಹೆಸರು ಯಾಕೆ?"

ಹೆಸರಿನ ಅರ್ಥ

ಲೋಹವನ್ನೋ ಮರವನ್ನೋ ಉಜ್ಜಿ ಸವೆಸುವ ಹಲ್ಲಿನ ಉಪಕರಣಕ್ಕೆ ಕನ್ನಡದಲ್ಲಿ ಅರ ಎನ್ನುತ್ತೇವೆ. ತಮಿಳು, ಮಲಯಾಳಗಳಲ್ಲಿ ಅದು ಅರಂ. ಮರಾಠಿಯವರ ಕಾನಸ್ ಎಂಬ ಪದವೂ ನಮ್ಮ ಕೆಲವು ವರ್ಕ್‌ಶಾಪುಗಳಲ್ಲಿ ಓಡಾಡುತ್ತದೆ. ತೆಲುಗಿನವರು ಆಕುರಾಯಿ ಎನ್ನುತ್ತಾರೆ, ಅಂದರೆ ಎಲೆಕಲ್ಲು. ಚಕ್ರದ ಕಡ್ಡಿಗೂ ಸಂಸ್ಕೃತದಲ್ಲಿ ಅರ ಎನ್ನುವುದರಿಂದ ನಿಘಂಟು ತೆರೆದವರಿಗೆ ಸ್ವಲ್ಪ ಗೊಂದಲವಾಗಬಹುದು. ಇಲ್ಲಿ ಹೇಳುತ್ತಿರುವುದು ಬಡಗಿ, ಫಿಟ್ಟರ್, ಆಚಾರಿಗಳ ಅರದ ಬಗ್ಗೆ.

ಬಾಸ್ಟರ್ಡ್ ಎನ್ನುವುದು ಅರದ ಆಕಾರದ ಹೆಸರಲ್ಲ, ಕಂಪನಿಯ ಹೆಸರೂ ಅಲ್ಲ. ಹಲ್ಲು ಎಷ್ಟು ಒರಟು ಎಂಬುದರ ಹೆಸರು. ಒರಟಿನಿಂದ ನಯಕ್ಕೆ ಹೋಗುವಾಗ ಐದು ಮೆಟ್ಟಿಲುಗಳಿವೆ: ರಫ್, ಬಾಸ್ಟರ್ಡ್, ಸೆಕೆಂಡ್ ಕಟ್, ಸ್ಮೂತ್, ಡೆಡ್ ಸ್ಮೂತ್. ನಮ್ಮ ಬಾಸ್ಟರ್ಡ್ ಎರಡನೆಯ ಮೆಟ್ಟಿಲು. ತೀರಾ ಒರಟೂ ಅಲ್ಲ, ನಯವೂ ಅಲ್ಲ. ಅತ್ತ ರಫ್ ಕುಲಕ್ಕೆ ಸೇರದೆ, ಇತ್ತ ನಯದ ಕುಲಕ್ಕೂ ಸಲ್ಲದೆ ನಡುವೆ ನಿಂತದ್ದು. ಹಳೆಯ ಇಂಗ್ಲಿಷಿನ ಕಸುಬುದಾರರು ಹೀಗೆ ನಿಗದಿತ ಅಳತೆಗೋ ವರ್ಗಕ್ಕೋ ಒಗ್ಗದ ವಸ್ತುಗಳಿಗೆಲ್ಲ ಈ ಪದವನ್ನು ಸಲೀಸಾಗಿ ಅಂಟಿಸುತ್ತಿದ್ದರು. ಒಂದು ಕೈಯದೂ ಅಲ್ಲದ, ಎರಡು ಕೈಯದೂ ಅಲ್ಲದ ಖಡ್ಗ ಬಾಸ್ಟರ್ಡ್ ಖಡ್ಗ. ಪುಸ್ತಕದ ನಿಜವಾದ ಶೀರ್ಷಿಕೆ ಪುಟಕ್ಕಿಂತ ಮುಂಚೆ ಬರುವ ಬರೀ ಹೆಸರಿನ ಪುಟ ಮುದ್ರಣದವರಿಗೆ ಬಾಸ್ಟರ್ಡ್ ಟೈಟಲ್. ಯಾವ ಪ್ರಮಾಣಕ್ಕೂ ಹೊಂದದ ತಿರುಪಿನ ಸುತ್ತುಗಳುಳ್ಳ ಬೋಲ್ಟ್ ಸಿಕ್ಕಿದರೆ ಮೆಕ್ಯಾನಿಕ್‌ಗಳು ಇಂದಿಗೂ ಅದನ್ನು ಬಾಸ್ಟರ್ಡ್ ಥ್ರೆಡ್ ಎನ್ನುತ್ತಾರೆ.

ಭಾವನಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿತ್ತು. ಗಿಡಮರ ಬಲ್ಲವರಾದ್ದರಿಂದ ಅಲ್ಲಿಂದಲೇ ಹೇಳಿದೆ. ತ್ರಿಫಲೆಯ ಅಳಲೆಕಾಯಿಯನ್ನು ಹೋಲುವ ತಾರೆಕಾಯಿಗೆ ಇಂಗ್ಲಿಷಿನಲ್ಲಿ ಬಾಸ್ಟರ್ಡ್ ಮೈರೋಬಲನ್ ಎಂಬ ಹೆಸರಿದೆ. ನಮ್ಮ ಮುತ್ತುಗದ ಮರಕ್ಕೆ ಅವರಿಟ್ಟದ್ದು ಬಾಸ್ಟರ್ಡ್ ಟೀಕ್. ನಾವೇನು ಕಡಿಮೆಯೇ? ತುಳಸಿಯಂತಿದ್ದೂ ತುಳಸಿಯಲ್ಲದ್ದಕ್ಕೆ ನಾಯಿತುಳಸಿ ಎಂದೆವು, ಸಾಸಿವೆಯಂತಿದ್ದೂ ಸಾಸಿವೆಯಲ್ಲದ್ದಕ್ಕೆ ನಾಯಿಸಾಸಿವೆ ಎಂದೆವು. ಆ ಗಿಡಗಳಿಗೂ ನಾಯಿಗೂ ಏನು ಸಂಬಂಧವೋ, ಈ ಅರಕ್ಕೂ ಆ ಬೈಗುಳಕ್ಕೂ ಅಷ್ಟೇ ಸಂಬಂಧ. ಬಾರ್‌ಸ್ಟೆಡ್ ಎಂಬ ಹೆಸರಿನವನು ಇದನ್ನು ಕಂಡುಹಿಡಿದ, ಅವನ ಹೆಸರೇ ಕೆಟ್ಟು ಹೀಗಾಯಿತು ಎಂಬ ಕಥೆಯೊಂದು ವರ್ಕ್‌ಶಾಪುಗಳಲ್ಲಿ ತಿರುಗುತ್ತಿರುತ್ತದೆ. ಕಥೆ ಚೆನ್ನಾಗಿದೆ, ನಂಬಬೇಡಿ.

ಕನ್ನಡದಲ್ಲಿ ಹೇಳಬೇಕೆಂದರೆ ನಾನು ನಡುಒರಟಿನ ಅರ ಎನ್ನುತ್ತೇನೆ. ಆದರೆ ಅಂಗಡಿಗೆ ಹೋಗಿ ನಡುಒರಟು ಕೇಳಿದರೆ ಸಿಗುವುದು ಮರಳುಕಾಗದ. ಅಲ್ಲಿ ಮರ್ಯಾದೆ ಬಿಟ್ಟು ಬಾಸ್ಟರ್ಡ್ ಎಂದೇ ಹೇಳಿ.

ಅರವನ್ನು ಓದುವುದು

ಅರವನ್ನು ಕೊಳ್ಳುವಾಗ ಮೂರು ಸಂಗತಿ ಹೇಳಬೇಕು: ಉದ್ದ, ಆಕಾರ, ಹಲ್ಲು. '10 ಇಂಚು, ಹಾಫ್‌ರೌಂಡ್, ಬಾಸ್ಟರ್ಡ್' ಎಂಬಲ್ಲಿ ಮೂರೂ ಇವೆ. ಒಂದನ್ನು ಬಿಟ್ಟರೆ ಅಂಗಡಿಯವನು ತನಗೆ ಖರ್ಚಾಗಬೇಕಾದ್ದನ್ನು ಕೊಡುತ್ತಾನೆ.

ಉದ್ದವನ್ನು ಅಳೆಯುವುದು ತುದಿಯಿಂದ ಹಲ್ಲು ಮುಗಿದು ಭುಜ ಶುರುವಾಗುವಲ್ಲಿಯವರೆಗೆ. ಹಿಡಿಯೊಳಗೆ ಹೋಗುವ ಚೂಪು ಬಾಲ ಈ ಲೆಕ್ಕಕ್ಕೆ ಬರುವುದಿಲ್ಲ. ಮನೆಗೆ ತಂದು ಟೇಪ್ ಹಿಡಿದು, 'ಹತ್ತು ಕೇಳಿದರೆ ಹನ್ನೆರಡು ಕೊಟ್ಟಿದ್ದಾನೆ' ಎಂದು ಖುಷಿಪಡಬೇಡಿ.

ಆಕಾರಗಳಲ್ಲಿ ಮನೆಗೆ ಬೇಕಾಗುವುದು ಚಪ್ಪಟೆ, ಅರ್ಧದುಂಡು, ದುಂಡು, ತ್ರಿಕೋನ. ಚೌಕದ್ದೂ ಇದೆ. ತ್ರಿಕೋನದ್ದು ಬಡಗಿಗಳ ಕೈಯರ, ಗರಗಸದ ಹಲ್ಲು ಹರಿತ ಮಾಡುವುದಕ್ಕೆ ಅದೇ ಬೇಕು. ಅದನ್ನು ಮಾತ್ರ ಬಾಸ್ಟರ್ಡ್‌ನಲ್ಲಿ ಕೊಳ್ಳಬೇಡಿ. ಗರಗಸದ ಸಣ್ಣ ಹಲ್ಲಿಗೆ ಸೆಕೆಂಡ್ ಕಟ್ ಅಥವಾ ಸ್ಮೂತ್ ಸರಿ.

ಇನ್ನು ಹಲ್ಲು. ಬಹಳ ಜನ ಎಡವುವುದು ಇಲ್ಲಿಯೇ. ಬಾಸ್ಟರ್ಡ್ ಎಂದರೆ ಒಂದು ನಿಶ್ಚಿತ ಹಲ್ಲಿನ ಲೆಕ್ಕ ಎಂದು ತಿಳಿಯುತ್ತಾರೆ. ಹಾಗಿಲ್ಲ, ಅರದ ಉದ್ದ ಹೆಚ್ಚಿದಂತೆ ಅದೇ ಹೆಸರಿನ ಹಲ್ಲೂ ಒರಟಾಗುತ್ತಾ ಹೋಗುತ್ತದೆ. 150 ಮಿಲಿಮೀಟರಿನ, ಅಂದರೆ ಆರಿಂಚಿನ ಬಾಸ್ಟರ್ಡ್‌ನಲ್ಲಿ ಪ್ರತಿ 10 ಮಿಲಿಮೀಟರಿಗೆ ಸುಮಾರು 13 ಕಚ್ಚುಗಳಿದ್ದರೆ, 300 ಮಿಲಿಮೀಟರಿನ ಬಾಸ್ಟರ್ಡ್‌ನಲ್ಲಿ ಇರುವುದು ಸುಮಾರು 9. ಹತ್ತಿಂಚಿನ ಅರವನ್ನೇ ತೆಗೆದುಕೊಂಡರೆ ರಫ್‌ಗೆ 6, ಬಾಸ್ಟರ್ಡ್‌ಗೆ 10, ಸೆಕೆಂಡ್ ಕಟ್‌ಗೆ 15, ಸ್ಮೂತ್‌ಗೆ 20, ಡೆಡ್ ಸ್ಮೂತ್‌ಗೆ 30ರ ಆಸುಪಾಸು. ಆದ್ದರಿಂದ ಆರಿಂಚಿನ ಬಾಸ್ಟರ್ಡ್ ಹೆಚ್ಚುಕಡಿಮೆ ಒಂದು ಅಡಿಯ ಸೆಕೆಂಡ್ ಕಟ್‌ನಷ್ಟೇ ನಯ. ಕೈಯಲ್ಲಿ ಚಿಕ್ಕ ಬಾಸ್ಟರ್ಡ್ ಇದ್ದಾಗ ಸೆಕೆಂಡ್ ಕಟ್ ಇಲ್ಲವೆಂದು ಅಂಗಡಿಗೆ ಓಡಬೇಕಾಗಿಲ್ಲ.

ಸಿಂಗಲ್ ಕಟ್, ಡಬಲ್ ಕಟ್ ಎನ್ನುವುದು ಬೇರೆಯೇ ವಿಚಾರ. ಗೆರೆಗಳು ಒಂದೇ ದಿಕ್ಕಿಗೆ ಓರೆಯಾಗಿ ಇದ್ದರೆ ಸಿಂಗಲ್, ಅಡ್ಡವಾಗಿ ಇನ್ನೊಂದು ಸಾಲು ಹಾದು ಚಾಪೆಯ ಹೆಣಿಗೆಯಂತೆ ಕಂಡರೆ ಡಬಲ್. ಡಬಲ್ ಬೇಗ ಕೊರೆಯುತ್ತದೆ, ಸಿಂಗಲ್ ನಯವಾಗಿ ಬಿಡುತ್ತದೆ. ಅಂಗಡಿಯಲ್ಲಿ ಸಿಗುವ ಚಪ್ಪಟೆ ಬಾಸ್ಟರ್ಡ್‌ಗಳು ಸಾಮಾನ್ಯವಾಗಿ ಡಬಲ್ ಕಟ್.

ಅಂಗಡಿಯಲ್ಲಿ

ಬಂದರಿನ ಅಂಗಡಿಗಳಲ್ಲಿ ಅರಗಳನ್ನು ಕಾಗದ ಸುತ್ತಿ ಜೋಡಿಸಿಟ್ಟಿರುತ್ತಾರೆ. ಕಾಗದ ಬಿಚ್ಚಿ ತೋರಿಸಲು ಹೇಳಿ, ಸಂಕೋಚ ಬೇಡ. ಕಣ್ಣಿನ ಮಟ್ಟಕ್ಕೆ ಹಿಡಿದು ಉದ್ದಕ್ಕೆ ನೋಡಿದರೆ ಚಪ್ಪಟೆ ಅರದ ಹೊಟ್ಟೆ ಸ್ವಲ್ಪ ಉಬ್ಬಿರುತ್ತದೆ. ಅದು ದೋಷವಲ್ಲ, ಬೇಕೆಂದೇ ಹಾಗೆ ಮಾಡಿರುತ್ತಾರೆ. ಪಕ್ಕಕ್ಕೆ ಬಾಗಿ ತಿರುಚಿಕೊಂಡಿದ್ದರೆ ಮಾತ್ರ ದೋಷ. ಬೆಳಕಿಗೆ ಹಿಡಿದು ಹಲ್ಲಿನ ತುದಿಗಳನ್ನು ನೋಡಿ. ಹೊಸ ಹಲ್ಲು ಬೆಳಕನ್ನು ಹಿಂದಕ್ಕೆ ಕೊಡುವುದಿಲ್ಲ. ತುದಿಗಳಲ್ಲಿ ಬಿಳಿ ಮಿಂಚು ಕಂಡರೆ ಅದು ಯಾರದೋ ಕೈಯಲ್ಲಿ ಉಜ್ಜಿ ಬಂದದ್ದು, ಅಥವಾ ಡಬ್ಬಿಯಲ್ಲಿ ಒಂದಕ್ಕೊಂದು ತಿಕ್ಕಾಡಿದ್ದು. ನಮ್ಮ ಕರಾವಳಿಯಲ್ಲಿ ಇನ್ನೊಂದು ಪರೀಕ್ಷೆಯೂ ಬೇಕು: ಹಲ್ಲಿನ ಸಂದಿಯಲ್ಲಿ ಕಂದು ಪುಡಿ ಇದೆಯೇ ನೋಡಿ. ಉಪ್ಪುಗಾಳಿಯಲ್ಲಿ ಒಂದು ಮಳೆಗಾಲ ಕಳೆದ ಅರದಲ್ಲಿ ಹಲ್ಲಿನ ಚೂಪು ತುಕ್ಕಿಗೆ ಹೋಗಿರುತ್ತದೆ. ಕಾಗದ ಹೊಸದಾಗಿದ್ದರೂ ಒಳಗಿನದು ಮುದುಕನೇ.

ಹಿಡಿ ಹಾಕದೆ ಕೈ ಹಾಕಬೇಡಿ

ಇದನ್ನು ಅನುಭವದಿಂದಲೇ ಹೇಳುತ್ತಿದ್ದೇನೆ. ಕೆಲಸ ಕಲಿಯುತ್ತಿದ್ದ ಮೊದಲ ವರ್ಷ, ಹಿಡಿಯಿಲ್ಲದ ಅರವನ್ನು ಚಿಂದಿಬಟ್ಟೆ ಸುತ್ತಿ ಹಿಡಿದು ಉಜ್ಜುತ್ತಿದ್ದೆ. ಕಬ್ಬಿಣದ ತುಂಡಿನ ಅಂಚಿಗೆ ಅರದ ತುದಿ ತಾಗಿ ತಟಕ್ಕನೆ ನಿಂತಿತು. ನನ್ನ ಕೈ ನಿಲ್ಲಲಿಲ್ಲ. ಬಟ್ಟೆ ದಾಟಿ ಬಾಲ ಅಂಗೈಯೊಳಗೆ ಇಳಿಯಿತು. ಗಾಯ ದೊಡ್ಡದಾಗಿರಲಿಲ್ಲ, ಆದರೆ ಒಂದು ವಾರ ಊಟವನ್ನು ಎಡಗೈಯ ಚಮಚದಲ್ಲಿ ಮಾಡಿದೆ. ತಪ್ಪು ನನ್ನದೇ, ಹಿಡಿ ಪಕ್ಕದ ಮೇಜಿನ ಮೇಲೆಯೇ ಇತ್ತು.

ಮರದ ಹಿಡಿಯನ್ನು ಪ್ರತ್ಯೇಕವಾಗಿ ಕೊಳ್ಳಬೇಕಾಗುತ್ತದೆ. ಹಿಡಿಯ ತೂತು ಬಾಲಕ್ಕಿಂತ ಸ್ವಲ್ಪ ಕಿರಿದಾಗಿರಲಿ. ಬಾಲವನ್ನು ತೂತಿಗೆ ನೆಟ್ಟಗೆ ಇಟ್ಟು, ಅರ ಮೇಲಕ್ಕಿರುವಂತೆ ಹಿಡಿದು, ಹಿಡಿಯ ಬುಡವನ್ನು ಗಟ್ಟಿ ನೆಲಕ್ಕೋ ಮರದ ದಿಮ್ಮಿಗೋ ಕುಟ್ಟಿ. ಅರ ತನ್ನ ಭಾರಕ್ಕೇ ಒಳಗೆ ಕೂರುತ್ತದೆ. ಅರದ ತಲೆಗೆ ಸುತ್ತಿಗೆಯಿಂದ ಹೊಡೆಯಬಾರದು. ಅರದ ಉಕ್ಕು ಬಹಳ ಗಡಸು, ಗಡಸಾದದ್ದು ಪೆಳಸೂ ಹೌದು. ಗಾಜಿನಂತೆ ಸಿಡಿದು ಚೂರು ಕಣ್ಣಿಗೆ ಬರಬಹುದು. ಇದೇ ಕಾರಣಕ್ಕೆ ಅರವನ್ನು ಡಬ್ಬಿಯ ಮುಚ್ಚಳ ಮೀಟಲು ಬಳಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಅರ ಹಾಕುವುದು ಹೇಗೆ

ಅರ ಕೊರೆಯುವುದು ಮುಂದಕ್ಕೆ ಹೋಗುವಾಗ ಮಾತ್ರ. ಹಲ್ಲುಗಳೆಲ್ಲ ತುದಿಯ ಕಡೆಗೆ ಮುಖ ಮಾಡಿ ಕೂತಿವೆ. ಹಿಂದಕ್ಕೆ ಎಳೆಯುವಾಗ ಒತ್ತಿದರೆ ಲೋಹ ಸವೆಯುವುದಿಲ್ಲ, ಹಲ್ಲು ಸವೆಯುತ್ತದೆ. ಆದ್ದರಿಂದ ಮುಂದಕ್ಕೆ ಹೋಗುವಾಗ ಒತ್ತಡ, ಹಿಂದಕ್ಕೆ ಬರುವಾಗ ಸಡಿಲ. ಗರಗಸದಂತೆ ಹಿಂದೆ ಮುಂದೆ ಜಗ್ಗುವವರ ಅರ ಒಂದೇ ತಿಂಗಳಲ್ಲಿ ಮೊಂಡಾಗುತ್ತದೆ, ಆಮೇಲೆ ಕಂಪನಿಯನ್ನು ಬೈಯುತ್ತಾರೆ.

ಕೆಲಸದ ತುಂಡನ್ನು ವೈಸ್‌ನಲ್ಲಿ, ಅಂದರೆ ಮೇಜಿಗೆ ಜೋಡಿಸಿದ ಕಬ್ಬಿಣದ ಹಿಡಿಕೆಯಲ್ಲಿ, ಬಿಗಿ ಮಾಡಿ. ವೈಸ್‌ನ ಬಾಯಿ ನಿಮ್ಮ ಮೊಣಕೈಯ ಎತ್ತರದಲ್ಲಿದ್ದರೆ ಸೊಂಟ ಉಳಿಯುತ್ತದೆ. ಬಲಗೈಯವರಾದರೆ ಎಡಗಾಲು ಮುಂದೆ. ಬಲಗೈಯಲ್ಲಿ ಹಿಡಿ, ಎಡಗೈಯ ಅಂಗೈ ಅರದ ತುದಿಯ ಮೇಲೆ. ಶುರುವಿನಲ್ಲಿ ಎಡಗೈಯ ಭಾರ ಹೆಚ್ಚು, ನಡುವೆ ಎರಡೂ ಸಮ, ಕೊನೆಯಲ್ಲಿ ಬಲಗೈಯ ಭಾರ ಹೆಚ್ಚು. ಹೀಗೆ ಭಾರ ಬದಲಿಸದಿದ್ದರೆ ಅರ ತಕ್ಕಡಿಯಂತೆ ತೂಗುತ್ತದೆ, ತುಂಡಿನ ಎರಡು ಅಂಚು ಇಳಿದು ನಡು ದಿಬ್ಬವಾಗುತ್ತದೆ. ಫಿಟ್ಟರ್ ಕಲಿಯುವ ಹುಡುಗರು ಮೊದಲ ತಿಂಗಳುಗಳಲ್ಲಿ ಕಬ್ಬಿಣದ ಚೌಕವೊಂದನ್ನು ಉಜ್ಜಿ ಉಜ್ಜಿ ಕಣ್ಣೀರು ಹಾಕುವುದು ಈ ದಿಬ್ಬದ ಕಾರಣಕ್ಕೇ. ನಿಮಿಷಕ್ಕೆ 40, 50 ಸಲ ಹೋದರೆ ಸಾಕು. ಅವಸರಪಟ್ಟರೆ ಹಲ್ಲು ಬಿಸಿಯಾಗುತ್ತದೆಯೇ ಹೊರತು ಕೆಲಸ ಮುಂದಕ್ಕೆ ಹೋಗುವುದಿಲ್ಲ.

ಹೊಸ ಅರವನ್ನು ಮೊದಲ ದಿನವೇ ಉಕ್ಕಿಗೆ ಹಾಕಬೇಡಿ. ಕೆಲವು ದಿನ ಹಿತ್ತಾಳೆಗೋ ಕಂಚಿಗೋ ಹಾಕಿ, ಆಮೇಲೆ ಮೆದು ಕಬ್ಬಿಣಕ್ಕೆ, ಕೊನೆಗೆ ಉಕ್ಕಿಗೆ. ಹೊಸ ಹಲ್ಲಿನ ತೀರಾ ಚೂಪಾದ ತುದಿ ಒಮ್ಮೆಲೇ ಗಟ್ಟಿ ಲೋಹಕ್ಕೆ ತಾಗಿದರೆ ಮುರಿಯುತ್ತದೆ.

ಕತ್ತಿಗೆ ಬಾಯಿ ಬರಿಸುವುದು

ನಮ್ಮೂರಿನ ಕತ್ತಿ ನೇರ ಅಲಗಿನದ್ದಲ್ಲ. ತುದಿಯಲ್ಲಿ ಕೊಕ್ಕಿನಂತೆ ಒಳಕ್ಕೆ ಬಾಗಿರುತ್ತದೆ, ಬಾಯಿ ಇರುವುದು ಒಳಬಾಗಿನ ಕಡೆ. ಅಗಲವಾದ ಚಪ್ಪಟೆ ಅರ ಆ ಬಾಗಿನಲ್ಲಿ ಕೂರುವುದಿಲ್ಲ. ಭಾವನಿಗೆ ಅರ್ಧದುಂಡನ್ನೇ ಬರೆದುಕೊಟ್ಟದ್ದು ಅದಕ್ಕೆ. ಅದರ ಚಪ್ಪಟೆ ಮುಖ ನೇರ ಭಾಗಕ್ಕೆ, ದುಂಡು ಮುಖ ಕೊಕ್ಕಿನ ಕೊರಳಿಗೆ. ಒಂದೇ ಅರದಲ್ಲಿ ಎರಡು ಕೆಲಸ.

ಮೊದಲು ಕತ್ತಿಯ ತುಕ್ಕು, ತೆಂಗಿನ ಕಲೆ, ಬಾಳೆಯ ಸೊನೆ ಎಲ್ಲವನ್ನೂ ಒರೆಸಿ. ಸೊನೆ ಅರದ ಹಲ್ಲಿಗೆ ಮೆತ್ತಿಕೊಂಡರೆ ಬಿಡಿಸುವುದು ಕಷ್ಟ. ಎರಡು ಮರದ ಚೂರುಗಳ ನಡುವೆ ಕತ್ತಿಯನ್ನಿಟ್ಟು, ಬಾಯಿ ನಿಮ್ಮಿಂದ ಆಚೆಗೆ, ಬೆನ್ನು ನಿಮ್ಮ ಕಡೆಗೆ ಬರುವಂತೆ ವೈಸ್‌ನಲ್ಲಿ ಬಿಗಿಯಿರಿ. ಕೈಗೆ ದಪ್ಪ ಗವಸು ಇರಲಿ. ಈಗ ಬಾಯಿಯ ಇಳಿಜಾರಿನ ಮೇಲೆ ಕಪ್ಪು ಮಾರ್ಕರ್ ಪೆನ್ನಿನಿಂದ ಉದ್ದಕ್ಕೂ ಬಳಿಯಿರಿ. ನನಗೆ ಗೊತ್ತಿರುವ ಉಪಾಯಗಳಲ್ಲಿ ಇಷ್ಟು ಅಗ್ಗದ್ದು, ಇಷ್ಟು ಉಪಕಾರಿಯಾದದ್ದು ಇನ್ನೊಂದಿಲ್ಲ. ಅರವನ್ನು ಒಂದು ಸಲ ತಳ್ಳಿ ನೋಡಿ. ಕಪ್ಪು ಎಲ್ಲಿ ಅಳಿಸಿತು? ಬಾಯಿಯ ಅಂಚಿನಲ್ಲಿ ಮಾತ್ರ ಅಳಿಸಿದ್ದರೆ ಅರವನ್ನು ತೀರಾ ಎತ್ತಿ ಹಿಡಿದಿದ್ದೀರಿ. ಮೇಲುಭಾಗದಲ್ಲಿ ಮಾತ್ರ ಅಳಿಸಿದ್ದರೆ ತೀರಾ ಮಲಗಿಸಿದ್ದೀರಿ. ಇಡೀ ಇಳಿಜಾರು ಬಿಳಿಯಾದರೆ ಕೋನ ಸರಿಯಾಗಿದೆ. ಆ ಕೋನವನ್ನು ಮೊಣಕೈಗೆ ನೆನಪು ಮಾಡಿಸಿ.

ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ, ಜೊತೆಗೆ ಸ್ವಲ್ಪ ಪಕ್ಕಕ್ಕೆ ಸರಿಸುತ್ತಾ ತಳ್ಳಿ. ಈ ಕೆಲಸದಲ್ಲಿ ಎಡಗೈ ಅರದ ತುದಿಗೆ ಹೋಗಬಾರದು, ಆ ತುದಿ ಬಾಯಿಯ ಆಚೆಗಿರುತ್ತದೆ. ಒಂದೇ ಕೈಯಲ್ಲಿ, ಹಗುರಾದ ಒತ್ತಡದಲ್ಲಿ ಮಾಡಿ. ಸರಿಯಾಗಿ ಕಚ್ಚುತ್ತಿದ್ದರೆ ಸದ್ದು ಗರಗರ ಎಂದು ಒಂದೇ ಶ್ರುತಿಯಲ್ಲಿರುತ್ತದೆ, ಕೈಗೆ ಸಣ್ಣ ಜಗ್ಗು ತಿಳಿಯುತ್ತದೆ. ಕೀಚ್ ಎಂದು ಕಿರುಚಿ ಗಾಜಿನ ಮೇಲೆ ಜಾರಿದಂತೆ ಜಾರಿದರೆ ಅಲ್ಲಿಗೇ ನಿಲ್ಲಿಸಿ. ಆ ಉಕ್ಕು ಅರದಷ್ಟೇ ಗಡಸು, ಅದು ಕಲ್ಲಿನ ಕೆಲಸ. ಹಟ ಹಿಡಿದರೆ ಹೊಸ ಅರ ಹೋಗುತ್ತದೆ. ಆಚಾರಿಗಳು ಮಾಡಿದ ತೋಟದ ಕತ್ತಿಗಳು ಸಾಮಾನ್ಯವಾಗಿ ಅರಕ್ಕೆ ಒಗ್ಗುತ್ತವೆ. ಬಡಗಿಯ ಉಳಿ, ಕೀಸುಳಿಯ ಅಲಗು ಒಗ್ಗುವುದಿಲ್ಲ.

ಒಂದು ಮಗ್ಗುಲಲ್ಲಿ ಹತ್ತು ಹದಿನೈದು ಸಲ ತಳ್ಳಿದ ಮೇಲೆ ಇನ್ನೊಂದು ಮಗ್ಗುಲಿನಲ್ಲಿ ಬೆರಳ ತುದಿಯನ್ನು ಬಾಯಿಯಿಂದ ಹೊರಕ್ಕೆ ಮೆಲ್ಲಗೆ ಸವರಿದರೆ ಸಣ್ಣ ಮುಳ್ಳಿನ ಅಂಚು ತಾಗುತ್ತದೆ. ಉದ್ದಕ್ಕೂ ತಾಗಿದರೆ ಆ ಮಗ್ಗುಲು ಮುಗಿಯಿತು, ಕತ್ತಿ ತಿರುಗಿಸಿ. ಎರಡೂ ಮುಗಿದ ಮೇಲೆ ಆ ಮುಳ್ಳನ್ನು ಬಾಸ್ಟರ್ಡ್‌ನಿಂದ ತೆಗೆಯಲು ಹೋಗಬೇಡಿ, ಅದು ಮುಳ್ಳನ್ನು ಆಚೆಯಿಂದ ಈಚೆಗೆ ಓಡಿಸುತ್ತದೆ ಅಷ್ಟೇ. ಮಸೆಗಲ್ಲಿಗೆ ನೀರು ಹಾಕಿ ಎರಡೂ ಕಡೆ ನಾಲ್ಕು ಸಲ ಮಸೆಯಿರಿ. ಬಾಳೆದಿಂಡಿನ ಮೇಲೆ ಪರೀಕ್ಷೆ ಮಾಡಬಹುದು.

ಅಡುಗೆಮನೆಯ ಮೆಟ್ಟುಕತ್ತಿಯನ್ನು ತಂದು ಇದಕ್ಕೂ ಒಂದು ಕೈ ಹಾಕು ಎಂದು ಅಕ್ಕ ಹೇಳಿದಳು. ಹಾಕಲಿಲ್ಲ. ತೆಳು ಬಾಯಿಗೆ ನಡುಒರಟಿನ ಹಲ್ಲು ತಾಗಿದರೆ ಗರಗಸದಂತಾಗುತ್ತದೆ, ಮತ್ತೆ ಸೌತೆಕಾಯಿ ಹೆಚ್ಚುವುದಲ್ಲ, ಹರಿಯುವುದು. ಅದಕ್ಕೆ ಕಲ್ಲೇ ಸಾಕು.

ಮಳೆಗಾಲದ ಬಾಗಿಲು

ಜೂನ್ ಬಂತೆಂದರೆ ನಮ್ಮ ಮರದ ಬಾಗಿಲುಗಳು ನೀರು ಕುಡಿದು ಉಬ್ಬುತ್ತವೆ, ಚಿಲಕದ ಸರಳು ದಾರಂದದ ತಗಡಿನ ತೂತಿಗೆ ಹೋಗುವುದಿಲ್ಲ. ಕೂಡಲೇ ಬಡಗಿಯನ್ನು ಕರೆಸಿ ಬಾಗಿಲಿಗೆ ಕೀಸುಳಿ ಹಾಕಿಸುತ್ತಾರೆ. ಡಿಸೆಂಬರಿನಲ್ಲಿ ಬಾಗಿಲು ಒಣಗಿ ಕುಗ್ಗಿದಾಗ ಬೆರಳು ತೂರುವಷ್ಟು ಸಂದಿ. ಅದರ ಬದಲು ಚಿಲಕದ ಸರಳಿನ ತುದಿಗೆ ಸ್ವಲ್ಪ ಸುಣ್ಣವೋ ಲಿಪ್‌ಸ್ಟಿಕ್ಕೋ ಬಳಿದು ಬಾಗಿಲನ್ನು ತಳ್ಳಿ ನೋಡಿ. ತಗಡಿನ ಮೇಲೆ ಗುರುತು ಬೀಳುತ್ತದೆ. ಸರಳು ಎತ್ತ ಕಡೆ ತಾಗುತ್ತಿದೆಯೋ ಅತ್ತ ಕಡೆಗೆ ಮಾತ್ರ ತೂತನ್ನು ಆರಿಂಚಿನ ಅರ್ಧದುಂಡು ಅಥವಾ ದುಂಡು ಬಾಸ್ಟರ್ಡ್‌ನಿಂದ ಒಂದೆರಡು ಮಿಲಿಮೀಟರ್ ಅಗಲಿಸಿ. ತಗಡನ್ನು ಬಿಚ್ಚಿ ವೈಸ್‌ಗೆ ಹಾಕಿದರೆ ಐದು ನಿಮಿಷದ ಕೆಲಸ. ಬಿಚ್ಚದೆ ಮಾಡಿದರೆ ಅರ್ಧ ಗಂಟೆ, ಜೊತೆಗೆ ಬೆರಳ ಗೆಣ್ಣಿನ ಚರ್ಮ.

ಇದೇ ಅರ್ಧದುಂಡು ಬಾಸ್ಟರ್ಡ್ ಮಲ್ಪೆಯಲ್ಲೂ ಕೆಲಸಕ್ಕೆ ಬರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಆಗ ದಡಕ್ಕೆ ಬಂದ ದೋಣಿಗಳ ರಿಪೇರಿ ನಡೆಯುತ್ತದೆ. ಪ್ರೊಪೆಲರಿನ ಅಂಚಿಗೆ ಏನಾದರೂ ಬಡಿದು ಸಣ್ಣ ಕಚ್ಚು ಬಿದ್ದಿದ್ದರೆ ಅದರ ಮುಳ್ಳನ್ನು ಸವೆಸಿ ನಯ ಮಾಡಲು ಸಾಕು. ದೊಡ್ಡ ಪೆಟ್ಟಾಗಿದ್ದರೆ ಅರದಿಂದ ಸರಿಮಾಡಲು ಹೋಗಬಾರದು. ಪ್ರೊಪೆಲರಿನ ಒಂದು ರೆಕ್ಕೆಯ ತೂಕ ಕಡಿಮೆಯಾದರೆ ಶಾಫ್ಟ್ ನಡುಗಲು ಶುರುವಾಗುತ್ತದೆ.

ಸ್ವಚ್ಛತೆ ಮತ್ತು ಸಂಗ್ರಹ

ಹತ್ತಿಪ್ಪತ್ತು ಸಲ ತಳ್ಳಿದ ಮೇಲೆ ಒಮ್ಮೆ ಅರವನ್ನು ತಿರುಗಿಸಿ ನೋಡುವ ಅಭ್ಯಾಸವಿರಲಿ. ಹಲ್ಲಿನ ಸಂದಿಯಲ್ಲಿ ಲೋಹದ ಚೂರು ಸಿಕ್ಕಿಕೊಂಡಿದ್ದರೆ ಅದು ನೀವು ನಯ ಮಾಡುತ್ತಿರುವ ಮೈಯ ಮೇಲೆ ಆಳವಾದ ಗೀರು ಎಳೆಯುತ್ತದೆ. ತಂತಿ ಬ್ರಷ್ಷನ್ನು ಹಲ್ಲಿನ ಗೆರೆಯ ದಿಕ್ಕಿಗೇ ಎಳೆದು ತೆಗೆಯಿರಿ, ಅಡ್ಡಕ್ಕೆ ಉಜ್ಜಬೇಡಿ. ಹಟಮಾರಿ ಚೂರನ್ನು ಹಿತ್ತಾಳೆಯ ತೆಳು ತಗಡಿನ ತುದಿಯಿಂದ ದೂಡಬಹುದು. ಅಲ್ಯೂಮಿನಿಯಂ ಎಲ್ಲಕ್ಕಿಂತ ಕೆಟ್ಟದ್ದು, ಬೆಣ್ಣೆಯಂತೆ ಮೆತ್ತಿಕೊಳ್ಳುತ್ತದೆ. ಕೆಲಸ ಶುರುಮಾಡುವ ಮೊದಲು ಅರದ ಮೈಗೆ ಶಾಲೆಯ ಸೀಮೆಸುಣ್ಣ ಉಜ್ಜಿದರೆ ಸಂದಿಗಳು ಸುಣ್ಣದಿಂದ ತುಂಬಿ ಲೋಹಕ್ಕೆ ಜಾಗವಿರುವುದಿಲ್ಲ. ಭಾವನಿಗೆ ಈ ಭಾಗ ಬಹಳ ಹಿಡಿಸಿತು, ಅವರ ಹಳೆಯ ಚೀಲದಲ್ಲಿ ಅರ್ಧ ಡಬ್ಬಿ ಸೀಮೆಸುಣ್ಣ ಇನ್ನೂ ಇತ್ತು.

ಕಬ್ಬಿಣ ಎಂದ ಕೂಡಲೇ ತೆಂಗಿನೆಣ್ಣೆ ಬಳಿಯುವುದು ನಮ್ಮ ಕಡೆಯವರ ರೂಢಿ. ಅರಕ್ಕೆ ಅದು ಬೇಡ. ಎಣ್ಣೆಯಿದ್ದರೆ ಅರ ಕಚ್ಚುವುದಿಲ್ಲ, ಜಾರುತ್ತದೆ. ಜೊತೆಗೆ ಪುಡಿಯೆಲ್ಲ ಅಂಟಿಕೊಂಡು ಮಸಿಯಾಗುತ್ತದೆ. ಬರಿಗೈಯಿಂದ ಹಲ್ಲನ್ನು ಸವರುವುದೂ ಬೇಡ, ಕೈಯ ಬೆವರೇ ತುಕ್ಕಿಗೆ ಸಾಕು. ಒಣ ಬಟ್ಟೆಯಲ್ಲೋ ದಿನಪತ್ರಿಕೆಯಲ್ಲೋ ಒಂದೊಂದನ್ನೂ ಬೇರೆಬೇರೆಯಾಗಿ ಸುತ್ತಿ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ. ಹೊಸ ಚಪ್ಪಲಿಯ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಪೊಟ್ಟಣಗಳನ್ನು ಎಸೆಯದೆ ಅದರೊಳಗೆ ಹಾಕಿ. ಅರಗಳನ್ನು ಸುತ್ತಿಗೆ, ಪಾನಾಗಳ ರಾಶಿಯಲ್ಲಿ ಎಸೆದರೆ ಕೊಳ್ಳುವಾಗ ಹಲ್ಲು ನೋಡಿ ಆರಿಸಿದ್ದೆಲ್ಲ ವ್ಯರ್ಥ.

ಸವೆದ ಅರ

ಅಕ್ಕನ ಮನೆಯ ಹಳೆಯ ಅರವನ್ನು ಎಸೆಯಬೇಡ, ಅದರಿಂದ ಒಂದು ಉಳಿ ಮಾಡಿಸು ಎಂದು ಭಾವ ಹೇಳಿದರು. ಅರದ ಉಕ್ಕಿನಲ್ಲಿ ಇಂಗಾಲದ ಪಾಲು ಹೆಚ್ಚು, ಆಯುಧಕ್ಕೆ ಒಳ್ಳೆಯದು ನಿಜ. ಆದರೆ ಅದನ್ನು ಹಾಗೆಯೇ ಗ್ರೈಂಡರಿಗೆ ಹಿಡಿದು ಚೂಪು ಮಾಡಿ ಸುತ್ತಿಗೆಯಿಂದ ಹೊಡೆಯುವವರಿದ್ದಾರೆ. ಅದು ಅಪಾಯ, ಮೊದಲೇ ಹೇಳಿದಂತೆ ಸಿಡಿಯುತ್ತದೆ. ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಬೂದಿಯಲ್ಲಿ ನಿಧಾನವಾಗಿ ಆರಲು ಬಿಟ್ಟು, ಮೆದುವಾದ ಮೇಲೆ ಬಡಿದು ರೂಪ ಕೊಟ್ಟು, ಮತ್ತೆ ಹದ ಹಾಕಬೇಕು. ಹದದ ಬಣ್ಣ ನೋಡುವ ಕಣ್ಣು ಬೇಕು, ಅದು ನನಗಿಲ್ಲ.

ಊರಿನ ಆಚಾರಿಗಳ ಬಳಿ ಒಯ್ದೆವು. ಅವರು ಅರವನ್ನು ತಿರುಗಿಸಿ ನೋಡಿ, ಉಗುರಿನಿಂದ ಹಲ್ಲು ಗೀರಿ, ಮೂಲೆಯಲ್ಲಿದ್ದ ರಾಶಿಯ ಮೇಲಿಟ್ಟರು. ಅಲ್ಲಿ ಆಗಲೇ ಏಳೆಂಟು ಹಳೆಯ ಅರಗಳಿದ್ದವು. "ಉಳಿಗೆ ಇದು ಆಗುತ್ತದೆ. ಕತ್ತಿ ಬೇಕಾದರೆ ಲಾರಿಯ ಸ್ಪ್ರಿಂಗ್ ಪ್ಲೇಟು ತನ್ನಿ" ಎಂದರು. ಭಾವ ಬಾಲದ ಹತ್ತಿರ ಕೆತ್ತಿದ್ದ ಮಸುಕು ಅಕ್ಷರಗಳನ್ನು ತೋರಿಸಿ, "ಇದು ಯಾವ ಜಾತಿಯದ್ದು ಗೊತ್ತುಂಟಾ ಆಚಾರಿಗಳೇ?" ಎಂದು ಕೇಳಿದರು. ಆಚಾರಿಗಳು ತಲೆಯೆತ್ತದೆ, "ಬಾಸ್ಟರ್ಡ್" ಎಂದು ಹೇಳಿ ತಿದಿ ಒತ್ತತೊಡಗಿದರು.